ಕಾಕಾನ ಹಳೇ ಪುಸ್ತಕದ ಅಂಗಡಿ, ಧಾರವಾಡ: ಕೌಬಾಯ್ ಕಪಾಟಿನಲ್ಲಿ ಸಿಕ್ಕ ಇತಿಹಾಸ

ಧಾರವಾಡದ ಸುಭಾಸ ರೋಡಿನಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಈ ಅಂಗಡಿ ಇದೆ. ಬೋರ್ಡು ಇಲ್ಲ, ಎಲ್ಲರೂ ಕಾಕಾನ ಅಂಗಡಿ ಅಂತಲೇ ಕರೆಯುತ್ತಾರೆ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲಿನಿಂದ ರೇಟು ಬರೆದಿರುತ್ತಾರೆ. ಓದಿ ವಾಪಸ್ ಕೊಟ್ಟರೆ ಅರ್ಧ ರೊಕ್ಕ ತಿರುಗಿ ಕೊಡುತ್ತಾರೆ. ನಾನು ಗದಗಿನಲ್ಲಿ ಹೈಸ್ಕೂಲು ಮಾಸ್ತರ, ಮೂರು ವರ್ಷದಿಂದ ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತೇನೆ.

ಹೋದ ತಿಂಗಳು ಕೌಬಾಯ್ ಕಾದಂಬರಿಗಳ ನಡುವೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅಮೆರಿಕದ ಮೂಲನಿವಾಸಿಗಳಾದ ಸೂ ಜನರ ಇತಿಹಾಸ. ಸೂ ಅನ್ನೋದು ಬೇರೆಯವರು ಇಟ್ಟ ಹೆಸರು, ಅವರು ತಮ್ಮನ್ನು ಲಕೋಟಾ, ಡಕೋಟಾ, ನಕೋಟಾ ಅಂತ ಕರೆದುಕೊಳ್ಳುತ್ತಾರೆ. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಚಿತ್ರ. ಬೈಸನ್ ಅನ್ನೋ ಅಲ್ಲಿನ ಕಾಡುದನದ ಚರ್ಮದ ಮೇಲೆ ನಡುವಿನಿಂದ ಶುರುವಾಗಿ ಸುರುಳಿ ಸುರುಳಿಯಾಗಿ ಹೊರಗೆ ಹೋಗುವ ಸಣ್ಣ ಸಣ್ಣ ಚಿತ್ರಗಳು, ವರ್ಷಕ್ಕೆ ಒಂದು, ಆ ವರ್ಷ ಮರೆಯಬಾರದ ಸಂಗತಿ ಯಾವುದೋ ಅದು. 1833ಕ್ಕೆ ಉದುರುವ ನಕ್ಷತ್ರಗಳು. ಆ ನವೆಂಬರಿನಲ್ಲಿ ಆಕಾಶದಿಂದ ಉಲ್ಕೆಗಳ ಮಳೆಯೇ ಸುರಿದಿತ್ತು. ಆ ಪುಟದ ಮೇಲೆ ಬೆರಳಿಟ್ಟುಕೊಂಡು ಅಂಗಡಿಯ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಕಾಕಾ ಚಹಾ ತರಿಸಿಕೊಟ್ಟು, "ಓದ್ರಿ ಮಾಸ್ತರ್ರ, ರೊಕ್ಕದ್ದು ಆಮ್ಯಾಗ ನೋಡೋಣು" ಅಂದರು.

ಮನೆಗೆ ಒಯ್ದು ಎರಡು ವಾರ ಓದಿದೆ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಗುಡ್ಡಗಳು ಸೂ ಜನರದೇ ಅಂತ ಅಮೆರಿಕ ಸರಕಾರ ಒಪ್ಪಿತ್ತು. ವಯಸ್ಸಿಗೆ ಬಂದ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕದೆ ಆ ಭೂಮಿ ಬಿಟ್ಟುಕೊಡುವ ಹಾಗಿಲ್ಲ ಅಂತಲೂ ಬರೆದಿತ್ತು. 1874ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರನ ದಂಡು ಅಲ್ಲಿ ಚಿನ್ನ ಕಂಡಿತು, ಅಲ್ಲಿಂದ ಎಲ್ಲಾ ಕೆಟ್ಟಿತು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ಹೊಳೆಯ ಹತ್ತಿರ ಲಕೋಟಾ ಜನ ಮತ್ತು ಚೆಯೆನ್ ಅನ್ನೋ ಇನ್ನೊಂದು ಮೂಲನಿವಾಸಿ ಜನ ಸೇರಿ ಕಸ್ಟರನನ್ನು ಸೋಲಿಸಿದರು ನಿಜ. ಆದರೆ ಗುಡ್ಡ ಬಿಟ್ಟುಕೊಡುವ ತನಕ ರೇಷನ್ ಇಲ್ಲ ಅಂತ ಅದೇ ವರ್ಷ ಸರಕಾರ ಹೇಳಿತು. ಅಷ್ಟೊತ್ತಿಗೆ ಬೈಸನ್ ಹಿಂಡುಗಳೂ ಕರಗುತ್ತಿದ್ದವು, ಮಕ್ಕಳಿಗೆ ಏನು ಹಾಕಬೇಕು? ಹಾಗಿದ್ದೂ ಸಹಿ ಹಾಕಿದವರು ಹತ್ತರಲ್ಲಿ ಒಂದು ಪಾಲು ಅಷ್ಟೇ. 1877ರಲ್ಲಿ ಕಾನೂನು ಮಾಡಿ ಗುಡ್ಡ ಕಿತ್ತುಕೊಂಡರು.

ನನಗೆ ತಡೆಯಲಾಗದ್ದು ವೂಂಡೆಡ್ ನೀ ಅಧ್ಯಾಯ. 1890ರ ಡಿಸೆಂಬರ್ 29ರ ಬೆಳಗ್ಗೆ ವೂಂಡೆಡ್ ನೀ ಹಳ್ಳದ ಹತ್ತಿರ ಅಮೆರಿಕದ ಸೈನಿಕರು ಲಕೋಟಾ ಜನರ ಬಿಡಾರದಲ್ಲಿ ಬಂದೂಕು ಕಸಿದುಕೊಳ್ಳುತ್ತಿದ್ದಾಗ ಎಲ್ಲೋ ಒಂದು ಗುಂಡು ಹಾರಿತು. ದಿಬ್ಬದ ಮೇಲಿಟ್ಟಿದ್ದ ತೋಪುಗಳು ಬಿಡಾರದ ಮೇಲೆ ಸಿಡಿದವು. ಸತ್ತವರ ಲೆಕ್ಕ 150ರಿಂದ 300ರವರೆಗೆ ಹೇಳುತ್ತಾರೆ, ಹೆಂಗಸರು ಮಕ್ಕಳು ಎಷ್ಟೋ ಜನ. ಹತ್ತನೇ ತರಗತಿಗೆ ನಾನು ಪ್ರತಿ ವರ್ಷ ಹಲಗಲಿ ಬೇಡರ ಲಾವಣಿ ಪಾಠ ಮಾಡುತ್ತೇನೆ. ಅಲ್ಲೂ ಅದೇ ಅಲ್ವಾ, 1857ರಲ್ಲಿ ಬ್ರಿಟಿಷರು ಹತಾರ ಕೊಡಿ ಅಂದದ್ದು, ಇವರು ಕೊಡೋದಿಲ್ಲ ಅಂದದ್ದು, ಊರಿಗೆ ಬೆಂಕಿ ಬಿದ್ದದ್ದು. ಈ ಸಲ ಎರಡನ್ನೂ ಸೇರಿಸಿ ಹೇಳಿದೆ. ಗಂಟೆ ಹೊಡೆದರೂ ಹುಡುಗರು ಏಳಲಿಲ್ಲ.

1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗುಡ್ಡ ಕಿತ್ತುಕೊಂಡದ್ದಕ್ಕೆ ಪರಿಹಾರ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗಿಂತ ಜಾಸ್ತಿ. ಸೂ ಜನ ಆ ದುಡ್ಡು ಮುಟ್ಟಿಲ್ಲ, ಗುಡ್ಡವೇ ಬೇಕು ಅನ್ನುತ್ತಾರೆ.

ಇನ್ನು ಅಂಗಡಿಯ ಕೊರತೆ. ಮಳೆಗಾಲದಲ್ಲಿ ಹಿಂದಿನ ಗೋಡೆ ಹಸಿ ಆಗುತ್ತದೆ, ಕೆಳಗಿನ ಸಾಲಿನ ಪುಸ್ತಕಗಳಿಗೆ ಬೂಸ್ಟು ಹಿಡಿದಿದೆ. ನನ್ನ ಪುಸ್ತಕದ ಕೊನೆಯಲ್ಲಿ ಮಡಚಿಟ್ಟ ನಕ್ಷೆ ಇರಬೇಕಿತ್ತು, ಯಾರೋ ಹರಿದುಕೊಂಡಿದ್ದಾರೆ. ಭೂಮಿ ಹೇಗೆ ಕುಗ್ಗಿತು ಅಂತ ನೋಡಲು ಅದು ಬೇಕೇ ಬೇಕು. ಹೇಳಿದ್ದಕ್ಕೆ ಕಾಕಾ 30 ರೂಪಾಯಿ ಕಡಿಮೆ ಮಾಡಿ, ಒಂದು ಹಳೇ ಅಟ್ಲಾಸು ಸುಮ್ನೆ ಕೊಟ್ಟರು. ಕೊನೆಗೆ 150 ಕೊಟ್ಟೆ.

ಈ ಪುಸ್ತಕವನ್ನು ವಾಪಸ್ ಕೊಡೋದಿಲ್ಲ. ಅಂಗಡಿಯಲ್ಲಿ ಇನ್ನೊಂದು ಪ್ರತಿ ಇದೆ, ಅದರಲ್ಲಿ ನಕ್ಷೆಯೂ ಇದೆ. ಅದನ್ನು ಕೌಬಾಯ್ ಕಪಾಟಿನಿಂದ ತೆಗೆಯಿರಿ ಕಾಕಾ ಅಂತ ಕೇಳಿಕೊಂಡೆ. ಈಗ ಬಾಗಿಲ ಬಲಕ್ಕೆ, ಕಿತ್ತೂರು, ನರಗುಂದದ ಪುಸ್ತಕಗಳ ಪಕ್ಕ ಇಟ್ಟಿದ್ದಾರೆ.