ಮೂರು ವರ್ಷದ ಟೈಲ್‌ಪೈಪ್: ಕೊಳವೆ ಬಾಳಿತು, ಕ್ಲ್ಯಾಂಪ್ ಕೈಕೊಟ್ಟಿತು

ಕಾರಿನ ಸೈಲೆನ್ಸರ್‌ನ ಹಿಂದಿನ ತುದಿಗೆ ಸೇರುವ ಟೈಲ್‌ಪೈಪನ್ನು ಮನೆಯಲ್ಲಿ ನಾನೇ ಬದಲಾಯಿಸಿ ಮೂರು ವರ್ಷ ತುಂಬುತ್ತ ಬಂದಿದೆ. ಕೊಂಡ ಹೊಸದರಲ್ಲಿ ಬರೆದಿದ್ದರೆ ಈ ವಿಮರ್ಶೆಯಲ್ಲಿ ಹೊಗಳಿಕೆಯ ಹೊರತು ಬೇರೇನೂ ಇರುತ್ತಿರಲಿಲ್ಲ. ಈಗ ಬರೆಯಲು ಕಾರಣ ಕೊಳವೆಯಲ್ಲ. ಅದರೊಡನೆ ಅದೇ ಪೆಟ್ಟಿಗೆಯಲ್ಲಿ ಬಂದ ಅಂಗೈಯಗಲದ ಒಂದು ಯು-ಕ್ಲ್ಯಾಂಪ್, ಅಂದರೆ ಕೊಳವೆಯನ್ನು ಬಿಗಿದು ಹಿಡಿಯುವ ಯು ಆಕಾರದ ಬೋಲ್ಟು.

ಹಳೆಯ ಕೊಳವೆ ಒಳಗಿನಿಂದಲೇ ತುಕ್ಕು ಹಿಡಿದು ತೂತಾಗಿತ್ತು, ಅದಕ್ಕೆ ನನ್ನ ಓಡಾಟದ ರೀತಿಯೇ ಕಾರಣ. ಬೆಳಿಗ್ಗೆ ನಾಲ್ಕು ಕಿಲೋಮೀಟರ್, ಸಂಜೆ ನಾಲ್ಕು ಕಿಲೋಮೀಟರ್; ಎಂಜಿನ್ ಸರಿಯಾಗಿ ಕಾಯುವ ಹೊತ್ತಿಗೆ ನಾನು ತಲುಪಬೇಕಾದಲ್ಲಿಗೆ ತಲುಪಿರುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆಯೂ ಚೆನ್ನಾಗಿ ಕಾಯುವುದರಿಂದ ಆ ಆವಿ ಹೊರಗೆ ಹೋಗಿಬಿಡುತ್ತದೆ. ಚಿಕ್ಕ ಓಡಾಟದ ಕಾರುಗಳಲ್ಲಿ ಮಾತ್ರ ಅದು ತಣ್ಣಗಿರುವ ಹಿಂಬದಿಯಲ್ಲಿ ಹನಿಗಟ್ಟಿ, ಹೊಗೆಯ ಆಮ್ಲಾಂಶದೊಡನೆ ಬೆರೆತು, ತಿರುವಿನ ತಗ್ಗಿನಲ್ಲಿ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಸೈಲೆನ್ಸರ್ ಡಬ್ಬಿ ಇನ್ನೂ ಗಟ್ಟಿಯಾಗಿತ್ತು. ಇಡೀ ಜೋಡಣೆಯನ್ನು ಬದಲಾಯಿಸಲು ಕೊಳವೆಯೊಂದರ ಹಲವು ಪಟ್ಟು ಹಣ ಬೇಕಾಗಿತ್ತು, ಅಷ್ಟನ್ನು ಖರ್ಚು ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆದ್ದರಿಂದ ಬೆಸುಗೆಯ ಅಗತ್ಯವಿಲ್ಲದೆ, ಸೈಲೆನ್ಸರ್‌ನ ಮೂತಿಯ ಮೇಲೆ ತೂರಿಸಿ ಕ್ಲ್ಯಾಂಪ್‌ನಿಂದ ಬಿಗಿಯುವ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಆರಿಸಿಕೊಂಡೆ.

ಆರಿಸುವಾಗ ಲೋಹದ ದರ್ಜೆಯನ್ನು ನೋಡಿದ್ದು ಒಳ್ಳೆಯದಾಯಿತು. ಕಾರಿನ ಹೊಗೆ ಕೊಳವೆಗಳಲ್ಲಿ ಹೆಚ್ಚಾಗಿ ಕಾಣುವ 409 ದರ್ಜೆಯಲ್ಲಿ ಕ್ರೋಮಿಯಂ ಶೇಕಡಾ 11ರ ಆಸುಪಾಸಿನಲ್ಲಿರುತ್ತದೆ. ಅದರ ಮೇಲ್ಮೈ ಕಂದು ಬಣ್ಣಕ್ಕೆ ತಿರುಗುತ್ತದೆ, ಅಯಸ್ಕಾಂತವೂ ಅದಕ್ಕೆ ಹಿಡಿಯುತ್ತದೆ. 304 ದರ್ಜೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ ಮತ್ತು 8 ನಿಕ್ಕಲ್ ಇರುವುದರಿಂದ ಹೊಳಪು ಉಳಿಯುತ್ತದೆ, ಅಯಸ್ಕಾಂತ ಸಾಮಾನ್ಯವಾಗಿ ಹಿಡಿಯುವುದಿಲ್ಲ. ನನಗೆ ಬಂದ ಕೊಳವೆಗೆ ಅಯಸ್ಕಾಂತವನ್ನು ತಾಗಿಸಿದಾಗ ಅದು ಜಾರಿ ಕೆಳಗೆ ಬಿತ್ತು. ಅದೇ ಅಯಸ್ಕಾಂತವನ್ನು ಆ ದಿನ ಕ್ಲ್ಯಾಂಪ್‌ಗೂ ತಾಗಿಸಿ ನೋಡಬೇಕಿತ್ತು.

ಹಳೆಯ ಕೊಳವೆಯನ್ನು ಬಿಡಿಸುವುದೇ ದಿನದ ಮುಕ್ಕಾಲು ಕೆಲಸ. ಕಾರು ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಮೇಲೆ ಮುಂಚಕ್ರಗಳಿಗೆ ಒತ್ತು ಕೊಟ್ಟು, ಹಿಂಭಾಗವನ್ನು ಜಾಕಿಯಿಂದ ಎತ್ತಿ, ಭಾರವನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದೆ. ಜಾಕಿಯೊಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನವೇ ನಟ್ಟುಗಳಿಗೆ ಹಾಕಿದ್ದೆ. ಕೊಳವೆಯನ್ನು ತೂಗುಹಾಕಿದ್ದ ರಬ್ಬರ್ ಬಳೆಗೆ ಸೋಪಿನ ನೀರು ಸವರಿದಾಗ ಅದು ಬೆರಳ ಒತ್ತಡಕ್ಕೇ ಕೊಂಡಿಯಿಂದ ಜಾರಿಬಂತು. ಸೈಲೆನ್ಸರ್‌ನ ಮೂತಿಗೆ ಅಂಟಿಕೊಂಡಿದ್ದ ಭಾಗವೇ ಹಟಮಾರಿ. ಅದನ್ನು ತಿರುಚಿ ಎಳೆದರೆ ಮೂತಿಯೇ ಕಿತ್ತುಬರುವ ಭಯವಿತ್ತು. ಆದ್ದರಿಂದ ಹ್ಯಾಕ್ಸಾ ಬ್ಲೇಡಿನಿಂದ ಹೊರಗಿನ ಕೊಳವೆಯನ್ನು ಮಾತ್ರ ಉದ್ದಕ್ಕೆ ಕೊಯ್ಯುತ್ತ ಹೋದೆ. ಹೊರಪದರ ತುಂಡಾಗುವ ಹೊತ್ತಿಗೆ ಗರಗಸದ ಸದ್ದು ಬದಲಾಗುತ್ತದೆ. ಕಂದು ಪುಡಿಯ ನಡುವೆ ಒಳಗಿನ ಲೋಹದ ಬೆಳ್ಳಗಿನ ಗೆರೆ ಕಾಣಿಸುತ್ತದೆ. ಅಲ್ಲಿಗೆ ನಿಲ್ಲಿಸಿ, ಸೀಳಿಗೆ ಉಳಿಯನ್ನು ತೂರಿಸಿ ಮೆಲ್ಲಗೆ ತಟ್ಟಿದಾಗ ಕೊಳವೆ ಬಾಳೆದಿಂಡಿನ ಪಟ್ಟೆಯಂತೆ ಬಿಚ್ಚಿಕೊಂಡಿತು.

ಮೂತಿಯನ್ನು ಎಮರಿ ಕಾಗದದಿಂದ ಉಜ್ಜಿ, ಹೊಸ ಕೊಳವೆಯನ್ನು ಅದರ ಮೇಲೆ ನಾಲ್ಕೈದು ಸೆಂಟಿಮೀಟರ್ ತೂರಿಸಿ ಬಿಗಿದೆ. ಕೊಳ್ಳುವ ಮೊದಲು ಮೂತಿಯ ಹೊರ ಅಳತೆಯನ್ನು ವರ್ನಿಯರ್ ಕ್ಯಾಲಿಪರ್‌ನಿಂದ ತೆಗೆದುಕೊಂಡಿದ್ದರಿಂದ ಎಲ್ಲೂ ತೊಡಕಾಗಲಿಲ್ಲ. ಬಂಪರ್‌ಗೂ ಕೊಳವೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟೆ. ಎರಡು ಮೀಟರ್ ಉದ್ದದ 304 ಕೊಳವೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುಮಾರು ಒಂದು ಸೆಂಟಿಮೀಟರ್ ಹಿಗ್ಗುತ್ತದೆ. ಈ ಹಿಗ್ಗುವಿಕೆಯನ್ನು ತಾಳಿಕೊಳ್ಳಲೆಂದೇ ಕೊಳವೆಯನ್ನು ರಬ್ಬರ್‌ನಿಂದ ತೂಗುಹಾಕುತ್ತಾರೆ.

ಮೊದಲ ವರ್ಷ ಈ ಕೊಳವೆ ಕೊಟ್ಟ ಸಂತೋಷವನ್ನು ನಾನು ನಿರೀಕ್ಷಿಸಿರಲಿಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಕಾರಿನ ಹಿಂದೆ ಹೋಗಿ ಒಂದು ನಿಮಿಷ ನಿಲ್ಲುವುದು ಅಭ್ಯಾಸವಾಯಿತು. ತಣ್ಣಗಿನ ಬೆಳಗಿನಲ್ಲಿ ಬಿಳಿ ಆವಿ ಎಳೆಯಾಗಿ ಹೊರಟು, ಕೊಳವೆಯ ತುದಿಯಲ್ಲಿ ಒಂದು ಹನಿ ಕೂಡಿ, ಉಬ್ಬಿ, ನೆಲಕ್ಕೆ ಬೀಳುತ್ತದೆ. ಅಷ್ಟರಲ್ಲಿ ಇನ್ನೊಂದು ಹನಿ ಸಿದ್ಧವಾಗಿರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ ತುದಿಯ ಒಳಬದಿಯ ಮಸಿಯನ್ನು ಒರೆಸುತ್ತೇನೆ. ಮಸಿ ಒಣಗಿದ ಬೂದುಬಣ್ಣದ್ದಾಗಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿದೆ ಎಂದು ಸಮಾಧಾನ. ಶಾಖಕ್ಕೆ ಕೊಳವೆಯ ಹೊರಮೈ ಜೇನಿನ ಬಣ್ಣಕ್ಕೆ ತಿರುಗಿದ್ದು ಇಂದಿಗೂ ನೋಡಲು ಚೆಂದ.

ಹದಿನಾಲ್ಕನೆಯ ತಿಂಗಳಲ್ಲಿ ಆ ಒಂದು ನಿಮಿಷದಲ್ಲೇ ಹೊಸ ಸದ್ದೊಂದು ಕೇಳಿಸಿತು. ಎಂಜಿನ್‌ನ ತಾಳಕ್ಕೆ ಸರಿಯಾಗಿ ಸಣ್ಣಗೆ ಟುಸ್, ಟುಸ್ ಎನ್ನುವ ಸದ್ದು. ಬಗ್ಗಿ ನೋಡಿದರೆ ಜೋಡಣೆಯ ಬಳಿ ಕೊಳವೆಯ ಮೇಲೆ ಬೆರಳಿನಿಂದ ಬಳಿದಂತೆ ಎರಡು ಕಪ್ಪು ಗೆರೆಗಳು. ಕೊಳವೆಯ ಬಾಯಿ ಚೆನ್ನಾಗಿ ಬಿಗಿಯಲೆಂದು ಅದರಲ್ಲಿ ಎರಡು ಸೀಳುಗಳಿರುತ್ತವೆ. ಕ್ಲ್ಯಾಂಪ್ ಸಡಿಲವಾದ ಕೂಡಲೇ ಹೊಗೆ ಆ ಸೀಳುಗಳಿಂದ ನುಗ್ಗುತ್ತದೆ. ಯು-ಕ್ಲ್ಯಾಂಪ್ ಪೂರ್ತಿ ಕಂದಾಗಿತ್ತು. ಸ್ಪ್ಯಾನರ್ ಇಟ್ಟು ತಿರುಗಿಸಿದಾಗ ನಟ್ಟು ಸುತ್ತಲಿಲ್ಲ, ಬೋಲ್ಟಿನ ಕಾಲೇ ಮುರಿದು ಕೈಗೆ ಬಂತು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗಲೇ. ತುಕ್ಕು ಹಿಡಿಯದ ಕೊಳವೆ ಎಂದು ಹೇಳಿ ಮಾರಿದವರು, ಅದನ್ನು ಹಿಡಿದಿಡುವ ಕ್ಲ್ಯಾಂಪನ್ನು ಸತುವು ಲೇಪಿಸಿದ ಮಾಮೂಲಿ ಉಕ್ಕಿನಿಂದ ಮಾಡಿದ್ದರು. ಎರಡು ಬಗೆಯ ಲೋಹಗಳು ಒದ್ದೆಯಲ್ಲಿ ಒಂದನ್ನೊಂದು ತಾಗಿಕೊಂಡಿದ್ದರೆ ಅವುಗಳಲ್ಲಿ ದುರ್ಬಲವಾದದ್ದು ಬೇಗ ಸವೆಯುತ್ತದೆ. ದೊಡ್ಡ ಸ್ಟೇನ್‌ಲೆಸ್ ಮೈಗೆ ಸಣ್ಣ ಉಕ್ಕಿನ ತುಂಡು ಅಂಟಿಕೊಂಡಿದ್ದರೆ ಸವೆತ ಇನ್ನೂ ಬೇಗ. ಇದು ತಯಾರಕರಿಗೆ ಗೊತ್ತಿಲ್ಲದ ವಿಷಯವಲ್ಲ. ಸೋರಿಕೆಯ ತೊಂದರೆ ಸದ್ದಿಗೆ ಮುಗಿಯುವುದೂ ಇಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಡಿಕ್ಕಿಯ ತಳದಲ್ಲಿ ಒಂದು ರಬ್ಬರ್ ಬಿರಡೆ ಬಿದ್ದುಹೋಗಿದ್ದರೂ ಅದು ಕಾರಿನೊಳಗೆ ಸೇರಬಲ್ಲದು.

ಬದಲಿಗೆ ಸ್ಟೇನ್‌ಲೆಸ್ ಬ್ಯಾಂಡ್ ಕ್ಲ್ಯಾಂಪ್ ಹಾಕಿದೆ. ಈ ಬಾರಿ ಅಯಸ್ಕಾಂತವನ್ನು ಮೊದಲೇ ಹಿಡಿದು ನೋಡಿದೆ. ಅಗಲವಾದ ಈ ಪಟ್ಟಿಗೆ ಮೆಟ್ಟಿಲಿನಂತೆ ಎರಡು ಅಳತೆಗಳಿರುತ್ತವೆ. ಒಂದು ಬದಿ ದಪ್ಪ ಕೊಳವೆಯನ್ನು, ಇನ್ನೊಂದು ಬದಿ ಒಳಗಿನ ಮೂತಿಯನ್ನು ಸುತ್ತಲೂ ಸಮನಾಗಿ ತಬ್ಬುತ್ತದೆ. ಯು-ಕ್ಲ್ಯಾಂಪ್ ಹಾಗಲ್ಲ, ಬಿಗಿದಷ್ಟೂ ಕೊಳವೆಯನ್ನು ನಜ್ಜುಗೊಳಿಸುತ್ತದೆ. ನನ್ನ ಕೊಳವೆಯ ಮೇಲೂ ಅದು ಬಿಟ್ಟುಹೋದ ತಗ್ಗು ಹಾಗೆಯೇ ಇದೆ, ಆ ತಗ್ಗಿನ ದೆಸೆಯಿಂದ ಕೊಳವೆಯನ್ನು ಮೂತಿಯಿಂದ ಮತ್ತೆ ಹೊರಗೆಳೆಯಲು ಆಗಲಿಲ್ಲ. ತಗ್ಗಿಗೂ ಸೀಳುಗಳಿಗೂ ಶಾಖ ತಾಳುವ ಎಕ್ಸಾಸ್ಟ್ ಪೇಸ್ಟ್ ತುಂಬಿ, ಅದರ ಮೇಲೆ ಪಟ್ಟಿಯನ್ನು ಬಿಗಿದೆ. ಬೋಲ್ಟಿನ ತಿರುಪು ಗೆರೆಗಳಿಗೆ ತಾಮ್ರದ ಗ್ರೀಸ್ ಸವರಿ, ನಾಲ್ಕಾರು ಬಾರಿ ಕಾದು ತಣ್ಣಗಾದ ಮೇಲೆ ಮತ್ತೊಮ್ಮೆ ಕಾಲು ಸುತ್ತು ಬಿಗಿಗೊಳಿಸಿದೆ.

ಅಂದಿನಿಂದ ಸುಮಾರು ಎರಡು ವರ್ಷ ಒಂದು ಹನಿ ಹೊಗೆಯೂ ಸೋರಿಲ್ಲ. ತಿಂಗಳಿಗೊಮ್ಮೆ ತಣ್ಣಗಿನ ಎಂಜಿನ್ ಚಾಲೂ ಮಾಡಿಸಿ, ದಪ್ಪ ಕೈಗವಸಿನ ಮೇಲೆ ಮಡಿಸಿದ ಬಟ್ಟೆಯನ್ನು ಹಿಡಿದು, ಕೊಳವೆಯ ಬಾಯಿಯನ್ನು ಎರಡು ಕ್ಷಣ ಒತ್ತುತ್ತೇನೆ. ಜೋಡಣೆ ಗಟ್ಟಿಯಾಗಿದ್ದರೆ ಅಂಗೈಗೆ ಒತ್ತಡ ತಾಗುತ್ತದೆ, ಸೋರಿಕೆಯಿದ್ದರೆ ಸದ್ದು ಕೇಳುತ್ತದೆ. ಇದನ್ನು ಬಯಲಿನಲ್ಲಿ ಮಾತ್ರ ಮಾಡಬೇಕು, ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಕೂಡದು.

ಕೊಳವೆಗೆ ಐದರಲ್ಲಿ ಐದು ಅಂಕ ಕೊಡುತ್ತೇನೆ, ಪೆಟ್ಟಿಗೆಗೆ ಮೂರು. ಸಿಟ್ಟು ಈಗ ಇಳಿದಿದೆ, ಇದೇ ಕೊಳವೆಯನ್ನು ಮತ್ತೆ ಕೊಳ್ಳಲೂ ನಾನು ಸಿದ್ಧ. ಆದರೆ ಬ್ಯಾಂಡ್ ಕ್ಲ್ಯಾಂಪನ್ನೂ ಅದೇ ದಿನ ಬೇರೆಯಾಗಿ ತರಿಸಿಕೊಳ್ಳುತ್ತೇನೆ. ಅದನ್ನು ಕೂರಿಸುವಾಗ ಬೋಲ್ಟಿನ ತುದಿ ನೆಲದ ಕಡೆಗೆ ತಿರುಗದಂತೆ ನೋಡಿಕೊಳ್ಳಿ. ಪಕ್ಕಕ್ಕೆ ಮುಖ ಮಾಡಿದ್ದರೆ ರಸ್ತೆಯ ಉಬ್ಬುಗಳಿಗೆ ಉಜ್ಜುವುದಿಲ್ಲ, ಮುಂದೆ ಬಿಚ್ಚಬೇಕಾದಾಗ ಸ್ಪ್ಯಾನರ್‌ಗೂ ಜಾಗ ಸಿಗುತ್ತದೆ.