ಉಚಿತ ಕಾನೂನು ನೆರವು: ಅಕ್ಕನ ಮಗನ ಮೇಲ್ಮನವಿಯಲ್ಲಿ ನಾವು ಕಂಡ ಸೇವೆ

ಅಡಿಕೆ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಅಕ್ಕನ ಮಗನಿಗೆ, ಚಾಲಿ ಅಡಿಕೆಯ ಮೂಟೆಗಳನ್ನು ಕದ್ದನೆಂದು 2023ರಲ್ಲಿ ಕರಾವಳಿಯ ಒಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಆರು ತಿಂಗಳ ಶಿಕ್ಷೆಯಾಯಿತು. ಕಳವಾದ ರಾತ್ರಿ ಅವನು ಶಿರಸಿಯಲ್ಲಿ ನಮ್ಮ ಮನೆಯಲ್ಲೇ ಇದ್ದ. ಆದರೆ ಮನೆಯವರ ಸಾಕ್ಷ್ಯವೆಂಬ ಕಾರಣಕ್ಕೆ ನಮ್ಮ ಮಾತಿಗೆ ಬೆಲೆ ಸಿಗಲಿಲ್ಲ. ದುಡ್ಡು ಕೊಟ್ಟು ನೇಮಿಸಿದ್ದ ವಕೀಲರು ಮೊದಲಿನಿಂದಲೂ ತಪ್ಪು ಒಪ್ಪಿಕೊಂಡರೆ ದಂಡದಲ್ಲಿ ಮುಗಿಯುತ್ತದೆ ಎಂದೇ ಹೇಳುತ್ತಿದ್ದರು. ಮೇಲ್ಮನವಿಗೆ ಅಕ್ಕನ ಕೈಯಲ್ಲಿ ಕಾಸು ಉಳಿದಿರಲಿಲ್ಲ. 15100 ಸಹಾಯವಾಣಿಗೆ ಕರೆ ಮಾಡಿ, ಅವರು ಹೇಳಿದಂತೆ ಕಾನೂನು ಸೇವೆಗಳ ಕಚೇರಿಗೆ ಹೋದೆವು.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು. ನಮ್ಮ ಹುಡುಗ ಜಾಮೀನಿನ ಮೇಲೆ ಹೊರಗಿದ್ದುದರಿಂದ ಆದಾಯ ಪ್ರಮಾಣಪತ್ರ ಬೇಕಾಯಿತು, ಮೇಲ್ಮನವಿಗೆ ಇದ್ದ 30 ದಿನಗಳಲ್ಲಿ ಒಂಬತ್ತು ದಿನ ಅದಕ್ಕೇ ಹೋಯಿತು.

ನಮಗೆ ಸಿಕ್ಕ ಕಾನೂನು ನೆರವು ಅಭಿರಕ್ಷಕರ (ಆರೋಪಿಯ ಪರ ಉಚಿತವಾಗಿ ವಾದಿಸುವ ವಕೀಲರ) ಬಗ್ಗೆ ವಿಸ್ತಾರವಾಗಿಯೇ ಬರೆಯಬೇಕು. 2022ರ ಹೊಸ ಯೋಜನೆಯಡಿ ನೇಮಕವಾಗುವ ಈ ವಕೀಲರು ಖಾಸಗಿ ಪ್ರಕರಣಗಳನ್ನು ನಡೆಸುವಂತಿಲ್ಲ, ಪೂರ್ಣಾವಧಿ ಇದೇ ಕೆಲಸ. ಅವರು ನಮ್ಮನ್ನು ಏನೂ ಕೇಳುವ ಮೊದಲು ಇಡೀ ಕಡತವನ್ನು ಓದಿದರು. ಪೊಲೀಸರು ವಶಪಡಿಸಿಕೊಂಡ ವಸ್ತುಗಳ ವಿವರವಿರುವ ಜಪ್ತಿ ಪಂಚನಾಮೆಯ ಎರಡನೆಯ ಪುಟದಲ್ಲಿ ಎದುರಿನ ಅಂಗಡಿಯ ಸಿಸಿಟಿವಿ ದೃಶ್ಯವಿದ್ದ ಪೆನ್‌ಡ್ರೈವ್ ವಶಪಡಿಸಿಕೊಂಡ ಉಲ್ಲೇಖವಿತ್ತು. ದೋಷಾರೋಪಣ ಪಟ್ಟಿಯೊಡನೆ ನಮಗೆ ಕೊಟ್ಟ ದಾಖಲೆಗಳಲ್ಲಿ ಅದರ ಸುಳಿವೇ ಇರಲಿಲ್ಲ. ಅಭಿಯೋಜನೆ (ಮೊಕದ್ದಮೆ ನಡೆಸುವ ಸರ್ಕಾರಿ ಪಕ್ಷ) ತಾನು ಆಧರಿಸದ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2022ರ ಮನೋಜ್ ಪ್ರಕರಣದಲ್ಲಿ ಹೇಳಿರುವುದನ್ನು ಮುಂದಿಟ್ಟು ಅವರು ಅರ್ಜಿ ಹಾಕಿದರು. ಸರ್ಕಾರಿ ಅಭಿಯೋಜಕರು ಎರಡು ವಾಯಿದೆಗಳವರೆಗೆ ಅಂಥದ್ದೇನೂ ಇಲ್ಲವೆಂದರು, ಮೂರನೆಯ ವಾಯಿದೆಗೆ ಪೆನ್‌ಡ್ರೈವ್ ಬಂತು. ಮೂಟೆ ಹೊತ್ತು ಹೊರಬಂದವರು ಬೇರೆಯೇ ಇಬ್ಬರು. ದಂಡ ಪ್ರಕ್ರಿಯಾ ಸಂಹಿತೆಯ 391ನೆಯ ಕಲಮಿನಡಿ ಅದನ್ನು ಹೆಚ್ಚುವರಿ ಸಾಕ್ಷ್ಯವಾಗಿ ಸ್ವೀಕರಿಸಿದ ಸೆಷನ್ಸ್ ನ್ಯಾಯಾಲಯ, 2024ರ ಕೊನೆಯಲ್ಲಿ ಅವನನ್ನು ಖುಲಾಸೆ ಮಾಡಿತು. ನಮ್ಮ ಹುಡುಗನನ್ನು ಉಳಿಸಬಲ್ಲ ಸಾಕ್ಷ್ಯ ಮೂರು ವರ್ಷ ಸರ್ಕಾರದ ಕೈಯಲ್ಲೇ ಇತ್ತು ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ನಿದ್ದೆ ಬರುವುದಿಲ್ಲ.

ಕೊರತೆಗಳೂ ಇವೆ. ವಾಯಿದೆಯ ದಿನ ಬದಲಾದರೆ ತಿಳಿಸುವವರಿಲ್ಲ. ಶಿರಸಿಯಿಂದ ಕರಾವಳಿಗೆ ದೇವಿಮನೆ ಘಟ್ಟ ಇಳಿದು ಹೋಗಿ, ಬೆಳಗಿನ ಬಸ್ಸಿನ ದಾರಿಯಲ್ಲೇ ಸಂಜೆ ಬರಿಗೈಯಲ್ಲಿ ಹಿಂದಿರುಗಿದ ದಿನಗಳು ನಾಲ್ಕು. ಅದಕ್ಕಿಂತ ದೊಡ್ಡದೆಂದರೆ, ಖುಲಾಸೆಯ ನಂತರ ಈ ಸೇವೆ ಮಾಡಬಲ್ಲದ್ದು ಬಹಳ ಕಡಿಮೆ, ಏಕೆಂದರೆ ಕಾನೂನಿನಲ್ಲೇ ಇದಕ್ಕೆಂದು ಸರಿಯಾದ ದಾರಿ ಇಲ್ಲ. ಆಧಾರವಿಲ್ಲದ ಬಂಧನಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಗೊತ್ತುಪಡಿಸಿದ್ದ ಗರಿಷ್ಠ ಪರಿಹಾರ 1,000 ರೂಪಾಯಿ. ಅದರ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅಷ್ಟೇ. ತಪ್ಪು ಮೊಕದ್ದಮೆಗೆ ಒಳಗಾದವರಿಗೆ ಪರಿಹಾರ ಕೊಡಲು ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 277ನೆಯ ವರದಿಯಲ್ಲಿ 2018ರಲ್ಲೇ ಶಿಫಾರಸು ಮಾಡಿತ್ತು. ಹುಡುಗನ ಕೆಲಸ ಹೋಯಿತು, ನಿಶ್ಚಯವಾಗಿದ್ದ ಸಂಬಂಧವೂ ಮುರಿಯಿತು.

ಆದರೂ ಐದರಲ್ಲಿ ನಾಲ್ಕು ಅಂಕಗಳನ್ನು ನಾನು ಮನಃಪೂರ್ವಕ ಕೊಡುತ್ತೇನೆ. ಹೋಗುವವರು ತೀರ್ಪಿನ ಪ್ರತಿಯೊಂದಿಗೆ ಜಪ್ತಿ ಪಂಚನಾಮೆಯ ನಕಲನ್ನೂ ಒಯ್ಯಿರಿ. ಆದಾಯ ಪ್ರಮಾಣಪತ್ರಕ್ಕೆ ಶಿಕ್ಷೆಯಾದ ದಿನವೇ ಅರ್ಜಿ ಕೊಡಿ.