ಓಪಿಜಿ ಒಂದನ್ನೇ ನಂಬಿ ಕೆಳದವಡೆಗೆ ಡ್ರಿಲ್ ಇಳಿಸಬೇಡಿ

ಕೆಳದವಡೆಯ ಮೂಳೆಗೆ ಕೂರಿಸಿದ ಇಂಪ್ಲಾಂಟ್ (ಕೃತಕ ಹಲ್ಲಿನ ಬೇರು) ಗಟ್ಟಿಯಾಗಿ ಕೂತಿದೆ, ಹೊಲಿಗೆಯೂ ಸರಿಯಾಗಿದೆ. ಮರುದಿನ ಬೆಳಿಗ್ಗೆ ರೋಗಿ ಬಂದು, "ಡಾಕ್ಟ್ರೇ, ತುಟಿಯ ಜೋಮು ಇನ್ನೂ ಬಿಟ್ಟಿಲ್ಲ" ಅಂತಾರೆ. "ನಾಲ್ಕು ದಿನ ನೋಡೋಣ" ಎಂದು ಕಳಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಅಡ್ರಿನಾಲಿನ್ ಬೆರೆತ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಚುಚ್ಚುಮದ್ದಿನ ಜೋಮು ಸಾಮಾನ್ಯವಾಗಿ 3ರಿಂದ 5 ಗಂಟೆಯಲ್ಲಿ ಇಳಿಯುತ್ತದೆ. ಮರುದಿನವೂ ಉಳಿದಿದ್ದರೆ ನರಕ್ಕೆ ಪೆಟ್ಟಾಗಿದೆ ಎಂದೇ ಹಿಡಿದು ತಕ್ಷಣ ಸ್ಕ್ಯಾನ್ ಮಾಡಿಸಿ. ಇಂಪ್ಲಾಂಟ್, ದವಡೆಮೂಳೆಯೊಳಗೆ ನರ ಸಾಗುವ ನಾಳಕ್ಕೆ ತಾಗಿದ್ದರೆ 24ರಿಂದ 36 ಗಂಟೆಯೊಳಗೆ ತೆಗೆದರಷ್ಟೇ ಚೇತರಿಕೆಗೆ ಒಳ್ಳೆಯ ಅವಕಾಶ.

ಇಂಥ ಪ್ರಕರಣಗಳ ಜಾಡು ಹೆಚ್ಚುಕಮ್ಮಿ ಒಂದೇ. ಓಪಿಜಿಯಲ್ಲಿ, ಅಂದರೆ ಇಡೀ ದವಡೆಯ ಚಪ್ಪಟೆ ಎಕ್ಸ್‌ರೇಯಲ್ಲಿ, ನಾಳದವರೆಗೆ 14 ಮಿ.ಮೀ. ಕಂಡಿತು, 2 ಮಿ.ಮೀ. ಬಿಟ್ಟು 12ರ ಇಂಪ್ಲಾಂಟ್ ಆರಿಸಿದರು. ಚಿತ್ರ 25% ಹಿಗ್ಗಿದ್ದರೆ ನಿಜವಾದ ಎತ್ತರ 11.2 ಮಾತ್ರ! ಅದರ ಮೇಲೆ, ಎಷ್ಟೋ ಕಿಟ್‌ಗಳಲ್ಲಿ ಡ್ರಿಲ್ಲಿನ ತುದಿ ಗುರುತಿಗಿಂತ ಕೊಂಚ ಆಳಕ್ಕೇ ಇಳಿಯುತ್ತದೆ.

ಕೋರೆಹಲ್ಲಿನ ಹಿಂದಿನ ಎರಡು ಸಣ್ಣ ಹಲ್ಲುಗಳ, ಅಂದರೆ ಪ್ರೀಮೋಲಾರ್‌ಗಳ, ಜಾಗದಲ್ಲಿ ಇನ್ನೊಂದು ಬಲೆ ಇದೆ. ನರ ಮೂಳೆಯಿಂದ ಹೊರಬರುವ ರಂಧ್ರ, ಮೆಂಟಲ್ ಫೋರಾಮೆನ್, ಸಾಮಾನ್ಯವಾಗಿ ಎರಡನೇ ಪ್ರೀಮೋಲಾರಿನ ಕೆಳಗೋ ಎರಡೂ ಪ್ರೀಮೋಲಾರ್‌ಗಳ ನಡುವೆಯೋ ಇರುತ್ತದೆ. ಕೆಲವರಲ್ಲಿ ಪಕ್ಕದಲ್ಲೇ ಇನ್ನೊಂದು ಸಣ್ಣ ರಂಧ್ರವೂ ಉಂಟು. ನರ ನೇರವಾಗಿ ರಂಧ್ರದಿಂದ ಹೊರಬರುತ್ತದೆ ಎಂದುಕೊಳ್ಳಬೇಡಿ. ಬಹಳ ಜನರಲ್ಲಿ ಅದು ರಂಧ್ರ ದಾಟಿ ಮುಂದೆ ಹೋಗಿ, ಬಾಗಿ ಹಿಂದಿರುಗುತ್ತದೆ. ಈ ಆಂಟೀರಿಯರ್ ಲೂಪ್ ಕೆಲವರಲ್ಲಿ 5 ಮಿ.ಮೀ.ಗೂ ಉದ್ದ. ಓಪಿಜಿಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಹಾಗಾಗಿ "ರಂಧ್ರದಿಂದ ಇಷ್ಟು ಮುಂದೆ ಹೋದರೆ ಸಾಕು" ಎಂಬ ಸಿದ್ಧ ಲೆಕ್ಕಕ್ಕಿಂತ ಆ ರೋಗಿಯದೇ ಸಿಬಿಸಿಟಿಯಲ್ಲಿ (ದವಡೆಯ ಮೂರು ಆಯಾಮದ ಸ್ಕ್ಯಾನ್) ಅಳೆಯುವುದು ಮೇಲು.

ನಾಳ ಎರಡಾಗಿ ಕವಲೊಡೆದಿರುವುದೂ ಉಂಟು. ಆಗ ಚುಚ್ಚುಮದ್ದು ಒಂದು ಕವಲಿಗೆ ತಾಗದೆ ಉಳಿಯಬಹುದು. ಹಾಗಾಗಿ ತುಟಿ ಪೂರ್ತಿ ಮರಗಟ್ಟಿದ್ದರೂ ಹಲ್ಲು ನೋಯುತ್ತಿದ್ದರೆ ರೋಗಿ ಸುಳ್ಳು ಹೇಳುತ್ತಿಲ್ಲ, ದಯವಿಟ್ಟು ನಂಬಿ.

ಪ್ರಾಣಕ್ಕೇ ಕುತ್ತು ತರುವುದು ನಾಲಿಗೆ ಕಡೆಯ ಗೋಡೆ. ಹಿಂದಿನ ಹಲ್ಲುಗಳ ಕೆಳಗೆ ಮೂಳೆ ಒಳಕ್ಕೆ ತಗ್ಗಾಗಿರುತ್ತದೆ, ಆ ತಗ್ಗಿನ ಆಳ ಒಬ್ಬೊಬ್ಬರಲ್ಲಿ ಒಂದೊಂದು. ಮುಂದಿನ ನಡುಗೆರೆಯಲ್ಲೂ ರಕ್ತನಾಳ ಹೊಕ್ಕುವ ಸಣ್ಣ ರಂಧ್ರಗಳಿವೆ. ಡ್ರಿಲ್ ಗೋಡೆ ತೂರಿ ರಕ್ತನಾಳ ಹರಿದರೆ ಬಾಯಿಯ ತಳ ಊದಿ ನಾಲಿಗೆ ಮೇಲಕ್ಕೆ, ಹಿಂದಕ್ಕೆ ಸರಿದು ಉಸಿರಾಟ ಕಟ್ಟುತ್ತದೆ. ಒಂದು ಕೈ ಬಾಯೊಳಗೆ, ಇನ್ನೊಂದು ಗದ್ದದ ಕೆಳಗೆ ಇಟ್ಟು ಒತ್ತಿಹಿಡಿದು, ಉಸಿರುನಾಳ ಕಾಯುವ ಸೌಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ. ಊತ ಗಂಟೆಗಳ ನಂತರವೂ ಶುರುವಾಗಬಹುದು. ಗೋಡೆ ತೂರಿದ ಅನುಮಾನವಿದ್ದರೆ ರೋಗಿಯನ್ನು ಮನೆಗೆ ಕಳಿಸಬೇಡಿ.